ಆಕ್ಸಿಜನ್ ಕಡಿಮೆ ಆದಾಗ ದೇಹ ಯಾಕೆ ಕೂಗಿ ಹೇಳೋದಿಲ್ಲ?

ವಿಡಿಯೋ ನೋಡೋಕೆ ಸಮಯ ಸಿಗದವರಿಗೆ, ಆಫೀಸ್ ಕ್ಯಾಬ್ ಹತ್ತಿದ ಮೇಲೆ ಇಯರ್‌ಫೋನ್ ಮರೆತಿದ್ದು ನೆನಪಾದವರಿಗೆ ಅಂತ ಎಂದಿನ ಹಾಗೆ ಮಾತನ್ನೇ ಬರಹಕ್ಕೆ ಇಳಿಸಿದ್ದೀನಿ.

ಇವತ್ತಿನ ವಿಷಯ ದೇಹದಲ್ಲಿ ಆಮ್ಲಜನಕದ ಕೊರತೆ. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಸಾಫ್ಟ್‌ವೇರ್ ಇಂಜಿನಿಯರ್. ಎಂಟೆಕ್ ಮಾಡಿದ್ದು ಸಿಗ್ನಲ್ ಪ್ರೊಸೆಸಿಂಗ್‌ನಲ್ಲಿ. ಈ ವಿಷಯ ಓದೋಕೆ ಶುರು ಮಾಡಿದ್ದು ಕುತೂಹಲದಿಂದ ಅಲ್ಲ. ಎರಡು ವರ್ಷದ ಅಂತರದಲ್ಲಿ, ಮೊದಲು ಅಪ್ಪನ ವಿಷಯದಲ್ಲಿ, ಆಮೇಲೆ ಅಮ್ಮನ ವಿಷಯದಲ್ಲಿ ಎರಡು ತಪ್ಪು ಮಾಡಿದೆ. ಎರಡೂ ಒಂದೇ ಪುಟ್ಟ ಯಂತ್ರಕ್ಕೆ ಸಂಬಂಧಿಸಿದ್ದು. ಒಂದು ಸಲ ಅದು ತೋರಿಸಿದ ಸಂಖ್ಯೆಯನ್ನು ನಂಬಲಿಲ್ಲ. ಇನ್ನೊಂದು ಸಲ ಅತಿಯಾಗಿ ನಂಬಿದೆ.

ಮೊದಲನೇ ತಪ್ಪು

2021ರ ಮೇ ತಿಂಗಳು. ನಾನು ಪುಣೆಯಲ್ಲಿ, ಅಪ್ಪ ಅಮ್ಮ ತಿಪಟೂರಿನಲ್ಲಿ. ಅಪ್ಪನಿಗೆ ಜ್ವರ ಬಂದು ಆರನೇ ದಿನ. ಆವತ್ತು ಜ್ವರ ಇಳಿದಿತ್ತು. ಚಿಕ್ಕಪ್ಪನ ಮಗ ಬೆರಳಿಗೆ ಹಾಕೋ ಆಕ್ಸಿಮೀಟರ್ ತಂದುಕೊಟ್ಟು ವಿಡಿಯೋ ಕಾಲ್ ಮಾಡಿದ. ಅದರಲ್ಲಿ 84 ಅಂತ ಬರ್ತಾ ಇತ್ತು.

ಅಪ್ಪ ಮಂಚದ ಮೇಲೆ ಕೂತು ಕಾಫಿ ಕುಡೀತಾ ಇದ್ದರು. "ಏನೂ ಆಗಿಲ್ಲ ಕಣಪ್ಪ, ಉಸಿರಾಟ ಚೆನ್ನಾಗಿದೆ, ನೀನು ಸುಮ್ನೆ ಗಾಬರಿ ಆಗ್ಬೇಡ" ಅಂದರು. ಪಕ್ಕದಲ್ಲಿದ್ದ ಅಮ್ಮ, "ಎಂಬತ್ನಾಲ್ಕು ಅಂದ್ರೆ ಫಸ್ಟ್ ಕ್ಲಾಸ್ ಅಲ್ವೇನೋ?" ಅಂದಳು. ನಾವೆಲ್ಲ ನಕ್ಕೆವು.

ನಾನು ಏನು ಮಾಡಿದೆ ಗೊತ್ತಾ? ಯಂತ್ರ ಸರಿ ಇಲ್ಲ ಅಂದೆ. ಆನ್‌ಲೈನ್‌ನಲ್ಲಿ ತರಿಸಿದ್ದ ಅಗ್ಗದ ಸಾಧನ ಅದು. "ಬೇರೆ ಬೆರಳಿಗೆ ಹಾಕಿ, ಕೈ ಉಜ್ಜಿ ಹಾಕಿ, ಬ್ಯಾಟರಿ ಬದಲಾಯಿಸಿ" ಅಂತ ಒಂದೊಂದೇ ಹೇಳ್ತಾ ಹೋದೆ. 83, 85, 84. ಮನುಷ್ಯ ಆರಾಮಾಗಿ ಮಾತಾಡ್ತಾ ಕಾಫಿ ಕುಡೀತಾ ಇದ್ದಾನೆ ಅಂದ್ರೆ ಆಕ್ಸಿಜನ್ ಕಡಿಮೆ ಆಗಿರೋಕೆ ಸಾಧ್ಯವೇ ಇಲ್ಲ ಅನ್ನೋದು ನನ್ನ ತರ್ಕ.

ಐದು ಗಂಟೆ ಹೀಗೇ ಹೋಯಿತು. ಸಂಜೆ ಡಾಕ್ಟರ್ ಆಗಿರೋ ಸ್ನೇಹಿತನೊಬ್ಬ ಫೋನಿಗೆ ಸಿಕ್ಕ. ಅವನು ಕೇಳಿದ್ದು ಎರಡೇ ಪ್ರಶ್ನೆ. "ಅದೇ ಮೀಟರನ್ನು ನಿನ್ನ ತಮ್ಮ ತನ್ನ ಬೆರಳಿಗೆ ಹಾಕಿ ನೋಡಿದ್ನಾ? ಅಪ್ಪ ನಿಮಿಷಕ್ಕೆ ಎಷ್ಟು ಸಲ ಉಸಿರಾಡ್ತಿದ್ದಾರೆ, ಎಣಿಸಿದ್ರಾ?"

ತಮ್ಮ ಹಾಕಿ ನೋಡಿದ. 98. ಉಸಿರು ಎಣಿಸಿದ. ನಿಮಿಷಕ್ಕೆ 30. ದೊಡ್ಡವರಿಗೆ ವಿಶ್ರಾಂತಿಯಲ್ಲಿ ಇರಬೇಕಾದದ್ದು ಸುಮಾರು 12ರಿಂದ 20. ಯಂತ್ರ ಸರಿಯಾಗೇ ಇತ್ತು. ನಾನು ಸರಿ ಇರಲಿಲ್ಲ.

ಅಪ್ಪ ಹನ್ನೊಂದು ದಿನ ಆಕ್ಸಿಜನ್ ಮೇಲಿದ್ದು ಮನೆಗೆ ಬಂದರು. ಈಗ ಚೆನ್ನಾಗಿದ್ದಾರೆ. ಆದ್ರೆ ಆ ವಾರ ಹಾಸಿಗೆ ಸಿಗೋದೇ ಕಷ್ಟ ಇತ್ತು, ಐದು ಗಂಟೆ ತಡ ಅನ್ನೋದು ಬೇರೆ ಥರ ಮುಗಿಯಬಹುದಿತ್ತು. ದಿನವೂ ಸರ್ವರ್ ಮಾನಿಟರಿಂಗ್ ನೋಡೋ ನಾನು, ಒಂದು ರೀಡಿಂಗ್ ಮೇಲೆ ಅನುಮಾನ ಬಂದ್ರೆ ಇನ್ನೊಂದು ಗೊತ್ತಿರೋ ಇನ್‌ಪುಟ್ ಕೊಟ್ಟು ನೋಡಬೇಕು ಅನ್ನೋ ಸಣ್ಣ ಪಾಠವನ್ನೂ ಮರೆತಿದ್ದೆ.

ಆಮೇಲೆ ತಲೆಯಲ್ಲಿ ಉಳಿದ ಪ್ರಶ್ನೆ ಒಂದೇ. 84ಕ್ಕೆ ಇಳಿದರೂ ಅಪ್ಪನಿಗೆ ಯಾಕೆ ಏಳಲಿಲ್ಲ ಉಸಿರುಗಟ್ಟೋ ಅನುಭವ?

ಅಲಾರಂ ಇರೋದು ಬೇರೆ ಕಡೆ

ಈಗ ಕೂತಲ್ಲೇ ಸ್ವಲ್ಪ ಹೊತ್ತು ಉಸಿರು ಹಿಡಿದು ನೋಡಿ. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಎದೆಯಲ್ಲಿ ಒತ್ತಾಯ ಶುರು ಆಗುತ್ತೆ, ಉಸಿರು ಬಿಡಲೇಬೇಕು ಅನ್ಸುತ್ತೆ. ಆಕ್ಸಿಜನ್ ಖಾಲಿ ಆಯ್ತು, ಅದಕ್ಕೇ ಹೀಗಾಗ್ತಿದೆ ಅಂತ ನಾವೆಲ್ಲ ಅಂದುಕೊಂಡಿದ್ದೀವಿ. ನಿಜ ಏನಂದ್ರೆ ಆ ಹೊತ್ತಿಗೆ ನಿಮ್ಮ ರಕ್ತದಲ್ಲಿ ಆಕ್ಸಿಜನ್ ಇನ್ನೂ ಬೇಕಾದಷ್ಟು ಇರುತ್ತೆ. ಒತ್ತಾಯ ಮಾಡ್ತಾ ಇರೋದು ಮುಖ್ಯವಾಗಿ ಹೊರಗೆ ಹೋಗದೆ ಸೇರಿಕೊಳ್ತಾ ಇರೋ ಕಾರ್ಬನ್ ಡೈಆಕ್ಸೈಡ್.

ಮಿದುಳಿನ ಬುಡದಲ್ಲಿ, ಬೆನ್ನುಹುರಿ ಶುರು ಆಗೋ ಜಾಗದಲ್ಲಿ, ಉಸಿರಾಟವನ್ನು ನಡೆಸೋ ಕೇಂದ್ರ ಇದೆ. ಅಲ್ಲಿನ ಸಂವೇದಕಗಳು ಕಾರ್ಬನ್ ಡೈಆಕ್ಸೈಡ್ ಸ್ವಲ್ಪ ಏರಿದ್ರೂ ಗಮನಿಸ್ತವೆ. ಆಕ್ಸಿಜನ್ ಅಳೆಯೋ ಸಂವೇದಕಗಳೂ ಇವೆ. ಕತ್ತಿನ ಎರಡೂ ಕಡೆ, ತಲೆಗೆ ಹೋಗೋ ದೊಡ್ಡ ರಕ್ತನಾಳ ಕವಲೊಡೆಯೋ ಜಾಗದಲ್ಲಿ. ಈ ಕೆಲಸಕ್ಕೆ ಬೆಲ್ಜಿಯಂನ ಕಾರ್ನೇಲ್ ಹೇಮಾನ್ಸ್ ಅವರಿಗೆ 1938ರ ನೊಬೆಲ್ ಬಂತು. ಆದ್ರೆ ಇವು ಜೋರಾಗಿ ಕೆಲಸ ಶುರು ಮಾಡೋದು ಆಕ್ಸಿಜನ್ ಸಾಕಷ್ಟು ಕುಸಿದ ಮೇಲೆ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಡಿಸ್ಕ್ ತುಂಬಿದ್ರೆ ಮಧ್ಯರಾತ್ರಿ ಎಬ್ಬಿಸೋ ಅಲರ್ಟ್ ಇದೆ. ಡೇಟಾಬೇಸ್ ಸಾಯ್ತಾ ಇದ್ರೆ ಒಂದು ಇಮೇಲ್ ಬರುತ್ತೆ, ಅದೂ ತಡವಾಗಿ.

ಸಾಮಾನ್ಯ ದಿನಗಳಲ್ಲಿ ಇದರಿಂದ ತೊಂದರೆ ಇಲ್ಲ. ಉಸಿರು ನಿಂತ್ರೆ ಆಕ್ಸಿಜನ್ ಇಳಿಯೋದೂ ಕಾರ್ಬನ್ ಡೈಆಕ್ಸೈಡ್ ಏರೋದೂ ಒಟ್ಟಿಗೇ ಆಗುತ್ತೆ. ಒಂದನ್ನು ಅಳೆದರೆ ಸಾಕು. ಇವೆರಡೂ ಬೇರೆ ಬೇರೆ ದಾರಿ ಹಿಡಿದಾಗ ಅಪಾಯ. ಅಪ್ಪನ ಶ್ವಾಸಕೋಶದಲ್ಲಿ ಆಗಿದ್ದು ಅದೇ. ಕಾರ್ಬನ್ ಡೈಆಕ್ಸೈಡ್ ಆಕ್ಸಿಜನ್‌ಗಿಂತ ಸುಮಾರು 20 ಪಟ್ಟು ಸುಲಭವಾಗಿ ಶ್ವಾಸಕೋಶದ ತೆಳು ಪೊರೆ ದಾಟುತ್ತೆ. ಸೋಂಕಿನಿಂದ ಶ್ವಾಸಕೋಶದ ಕೆಲವು ಭಾಗ ಕೆಟ್ಟರೂ, ಉಸಿರು ಸ್ವಲ್ಪ ವೇಗ ಆದ್ರೆ ಸಾಕು, ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗ್ತಾನೇ ಇರುತ್ತೆ. ಆಕ್ಸಿಜನ್ ಮಾತ್ರ ಒಳಗೆ ಬರೋದಿಲ್ಲ. ಅಲಾರಂ ಮೌನ.

ದೇಹ ಹೇಳ್ತಾ ಇರಲಿಲ್ಲ ಅಂತಲ್ಲ. ನಿಮಿಷಕ್ಕೆ 30 ಉಸಿರು ಅನ್ನೋದೇ ಹೇಳಿಕೆ. ಆದ್ರೆ ಅದು ಅಪ್ಪನ ಅರಿವಿಗೆ ಬರ್ತಾ ಇರಲಿಲ್ಲ, ಪಕ್ಕದಲ್ಲಿ ಕೂತವರು ಎಣಿಸಬೇಕಿತ್ತು.

ಖುಷಿಯಾಗೇ ಸತ್ತವರು

ಇದು ಹೊಸ ಅನುಭವ ಏನಲ್ಲ. 1875ರ ಏಪ್ರಿಲ್ 15ರಂದು ಪ್ಯಾರಿಸ್‌ನಿಂದ ಝೆನಿತ್ ಅನ್ನೋ ಬಲೂನ್ ಮೇಲೆ ಹಾರಿತು. ಒಳಗೆ ಮೂವರು: ಗಾಸ್ತೋಂ ತಿಸ್ಸಾಂದಿಯೇ, ಕ್ರೋಸೆ-ಸ್ಪಿನೆಲ್ಲಿ, ಸಿವೆಲ್. ಆಕ್ಸಿಜನ್ ಬೆರೆಸಿದ ಗಾಳಿಯ ಚೀಲಗಳನ್ನು ಜೊತೆಗೇ ಇಟ್ಟುಕೊಂಡಿದ್ದರು. ಎತ್ತರದಲ್ಲಿ ದೇಹಕ್ಕೆ ಏನಾಗುತ್ತೆ ಅಂತ ಅಧ್ಯಯನ ಮಾಡ್ತಿದ್ದ ವಿಜ್ಞಾನಿ ಪಾಲ್ ಬೇರ್, ಅಷ್ಟು ಆಕ್ಸಿಜನ್ ಸಾಲದು ಅಂತ ಎಚ್ಚರಿಸಿದ್ದರು. ಇದ್ದದ್ದು ಕಡಿಮೆ, ಹಾಗಾಗಿ ನಿಜವಾಗಿ ಬೇಕಾದಾಗ ಬಳಸೋಣ ಅಂತ ಉಳಿಸಿಕೊಂಡರು.

8,000 ಮೀಟರ್ ದಾಟುವ ಹೊತ್ತಿಗೆ ಮೂವರೂ ಪ್ರಜ್ಞೆ ತಪ್ಪಿದರು. ಬಲೂನ್ ಕೆಳಗೆ ಬಂದಾಗ ಬದುಕಿದ್ದವರು ತಿಸ್ಸಾಂದಿಯೇ ಒಬ್ಬರೇ. ಅವರು ಆಮೇಲೆ ಬರೆದದ್ದು ಗಮನಿಸಬೇಕು. ನೋವಿರಲಿಲ್ಲ, ಭಯವೂ ಇರಲಿಲ್ಲ, ಒಳಗೊಳಗೇ ಒಂದು ಸಂತೋಷ ಇತ್ತು. ಆಕ್ಸಿಜನ್ ಕೊಳವೆ ಹಿಡಿಯಬೇಕು ಅನ್ನಿಸಿದಾಗ ಕೈ ಏಳಲೇ ಇಲ್ಲ.

ಆಕ್ಸಿಜನ್ ಕೊರತೆ ಮೊದಲು ಹೊಡೆಯೋದು ಮಿದುಳನ್ನು. ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು 2 ಶೇಕಡಾ, ಆದ್ರೆ ಬಳಸೋ ಆಕ್ಸಿಜನ್ ಸುಮಾರು 20 ಶೇಕಡಾ. "ನನಗೇನೂ ಆಗಿಲ್ಲ" ಅಂತ ತೀರ್ಮಾನ ಮಾಡೋ ಅಂಗವೇ ಮೊದಲು ಕೆಡುತ್ತೆ. ಹಾಗಾಗಿ ರೋಗಿಯ "ಚೆನ್ನಾಗಿದ್ದೀನಿ" ಅನ್ನೋ ಮಾತನ್ನು ಈ ಒಂದು ವಿಷಯದಲ್ಲಿ ಸಾಕ್ಷಿ ಅಂತ ತೆಗೆದುಕೊಳ್ಳೋಕೆ ಆಗೋದಿಲ್ಲ.

ಗಾಳಿಯಿಂದ ಜೀವಕೋಶದವರೆಗೆ

ಈಗ ಆಕ್ಸಿಜನ್ ಹೋಗೋ ದಾರಿಯನ್ನು ನೋಡೋಣ. ಓವರ್‌ಹೆಡ್ ಟ್ಯಾಂಕಿನಿಂದ ನೀರು ಕೆಳಗಿನ ನಲ್ಲಿಗೆ ಇಳಿದ ಹಾಗೆ, ಆಕ್ಸಿಜನ್ ಹೆಚ್ಚು ಒತ್ತಡದಿಂದ ಕಡಿಮೆ ಒತ್ತಡದ ಕಡೆಗೆ ಇಳಿಯುತ್ತೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 760 ಮಿ.ಮೀ. ಪಾದರಸ. ಅದರಲ್ಲಿ ಆಕ್ಸಿಜನ್ ಸುಮಾರು 21 ಶೇಕಡಾ, ಅಂದ್ರೆ 160. ಮೂಗು, ಗಂಟಲು ದಾಟಿ ತೇವ ಸೇರಿದ ಮೇಲೆ 150. ಶ್ವಾಸಕೋಶದ ಪುಟ್ಟ ಗಾಳಿಚೀಲಗಳಲ್ಲಿ 100. ಅಪಧಮನಿಯ ರಕ್ತದಲ್ಲಿ 95ರ ಆಸುಪಾಸು. ದೇಹವೆಲ್ಲ ಸುತ್ತಿ ವಾಪಸ್ ಬರೋ ರಕ್ತದಲ್ಲಿ 40. ಜೀವಕೋಶದ ಒಳಗೆ ಇನ್ನೂ ಕಡಿಮೆ.

ಜೀವಕೋಶ ಅದನ್ನು ಏನು ಮಾಡುತ್ತೆ? ಸಕ್ಕರೆಯಿಂದ ಶಕ್ತಿ ತೆಗೆಯೋಕೆ ಬಳಸುತ್ತೆ. ಆಕ್ಸಿಜನ್ ಇದ್ರೆ ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ ಸಿಗುತ್ತೆ. ಇಲ್ಲದಿದ್ರೆ ಬರೀ 2, ಜೊತೆಗೆ ಲ್ಯಾಕ್ಟಿಕ್ ಆಮ್ಲ. ಊಟ ಇಲ್ಲದೆ ವಾರಗಟ್ಟಲೆ ಇರಬಹುದು, ಯಾಕಂದ್ರೆ ಕೊಬ್ಬಿನ ದಾಸ್ತಾನು ಇದೆ. ಆಕ್ಸಿಜನ್‌ಗೆ ಅಂಥ ಉಗ್ರಾಣ ಇಲ್ಲ. ಇಡೀ ದೇಹದಲ್ಲಿ ಇರೋದು ಒಂದೂವರೆ ಲೀಟರ್ ಆಸುಪಾಸು, ಸುಮ್ಮನೆ ಕೂತಿದ್ರೂ ನಿಮಿಷಕ್ಕೆ ಸುಮಾರು 250 ಮಿ.ಲೀ. ಖರ್ಚು. ಕೆಲವೇ ನಿಮಿಷದ ಲೆಕ್ಕ.

98 ಅಂದ್ರೆ ಏನು?

ರಕ್ತದಲ್ಲಿ ಆಕ್ಸಿಜನ್ ಹೊರೋದು ಹಿಮೋಗ್ಲೋಬಿನ್. ಇದನ್ನು ನಾಲ್ಕು ಸೀಟಿನ ಆಟೋ ಅಂದುಕೊಳ್ಳಿ, ಒಂದು ಹಿಮೋಗ್ಲೋಬಿನ್ ಅಣುವಿನಲ್ಲಿ ನಾಲ್ಕು ಆಕ್ಸಿಜನ್ ಕೂರಬಹುದು. ಆಕ್ಸಿಮೀಟರ್ ತೋರಿಸೋ 98 ಅಂದ್ರೆ, ಓಡಾಡ್ತಾ ಇರೋ ಆಟೋಗಳ ಸೀಟುಗಳಲ್ಲಿ 98 ಶೇಕಡಾ ತುಂಬಿವೆ ಅಂತ. ಅಷ್ಟೇ.

ಇದನ್ನು ಪರೀಕ್ಷೆಯ ಮಾರ್ಕ್ಸ್ ಥರ ಓದಬಾರದು. ಒತ್ತಡ 100ರಿಂದ 60ಕ್ಕೆ ಇಳಿದರೂ ಸೀಟು 97-98ರಿಂದ 90ಕ್ಕೆ ಮಾತ್ರ ಇಳಿಯುತ್ತೆ. ಹಿಮೋಗ್ಲೋಬಿನ್ ಅಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತೆ. ಆದ್ರೆ 60ರಿಂದ 40ಕ್ಕೆ ಇಳಿದ್ರೆ ಸೀಟು 75. ಒತ್ತಡ 27ಕ್ಕೆ ಬಂದ್ರೆ 50. ಅಂದ್ರೆ 90ರವರೆಗೆ ಸಮತಟ್ಟು ದಾರಿ, ಅಲ್ಲಿಂದ ಘಾಟಿ ಇಳಿಜಾರು. 94ರಿಂದ 90ಕ್ಕೆ ಬಂದಿದೆ ಅಂದ್ರೆ ನೀವು ಶಿರಾಡಿ ಘಾಟಿಯ ಮೊದಲನೇ ತಿರುವಿನಲ್ಲಿ ನಿಂತಿದ್ದೀರಿ. ಅಪ್ಪನ 84 ಅಂದ್ರೆ ಒತ್ತಡ 50ರ ಆಸುಪಾಸು, ಇಳಿಜಾರು ಆಗಲೇ ಶುರು ಆಗಿತ್ತು. ಫಸ್ಟ್ ಕ್ಲಾಸ್ ಅಲ್ಲ ಅಮ್ಮಾ, ಅದು ಫೇಲ್.

ಈ ಯಂತ್ರದ ಕಥೆಯೂ ಚೆನ್ನಾಗಿದೆ. 1970ರ ದಶಕದ ಆರಂಭದಲ್ಲಿ ಜಪಾನಿನ ಇಂಜಿನಿಯರ್ ತಾಕುವೋ ಅಯೋಯಾಗಿ, ಹೃದಯ ಎಷ್ಟು ರಕ್ತ ಪಂಪ್ ಮಾಡುತ್ತೆ ಅಂತ ಕಿವಿಯ ಮೂಲಕ ಬೆಳಕು ಹಾಯಿಸಿ ಅಳೆಯೋಕೆ ಹೊರಟಿದ್ದರು. ನಾಡಿಮಿಡಿತ ನಾಯ್ಸ್ ಆಗಿ ಅಡ್ಡ ಬರ್ತಾ ಇತ್ತು. ಅದನ್ನು ತೆಗೆದುಹಾಕೋ ಪ್ರಯತ್ನದಲ್ಲಿ ಅವರಿಗೆ ಹೊಳೆದದ್ದು, ಮಿಡಿಯೋದು ಅಪಧಮನಿಯ ರಕ್ತ ಮಾತ್ರ, ಹಾಗಾಗಿ ಆ ನಾಯ್ಸೇ ನಮಗೆ ಬೇಕಾದ ಸಿಗ್ನಲ್ ಅಂತ. ಆಕ್ಸಿಜನ್ ಹೊತ್ತ ಹಿಮೋಗ್ಲೋಬಿನ್ ಕೆಂಪು ಬೆಳಕನ್ನು ಕಡಿಮೆ ಹೀರುತ್ತೆ, ಇನ್‌ಫ್ರಾರೆಡ್ ಅನ್ನು ಹೆಚ್ಚು. ಸುಮಾರು 660 ಮತ್ತು 940 ನ್ಯಾನೋಮೀಟರಿನ ಎರಡು ಬೆಳಕು ಹಾಯಿಸಿ, ಮಿಡಿಯೋ ಭಾಗವನ್ನಷ್ಟೇ ಹೋಲಿಸಿದ್ರೆ ಸಂಖ್ಯೆ ಸಿಗುತ್ತೆ. ಸಿಗ್ನಲ್ ಪ್ರೊಸೆಸಿಂಗ್ ಓದಿದ ನಾನು ಇದನ್ನು ತಿಳಿದುಕೊಂಡಿದ್ದು ಅಪ್ಪ ಆಸ್ಪತ್ರೆಯಿಂದ ಬಂದ ಮೇಲೆ.

ಎರಡನೇ ತಪ್ಪು

2023ರಲ್ಲಿ ಅಮ್ಮ ಪುಣೆಗೆ ಬಂದಿದ್ದಳು. ಸದಾ ಸುಸ್ತು ಅನ್ನೋಳು. ನಮ್ಮ ಮನೆ ಎರಡನೇ ಮಹಡಿ, ಲಿಫ್ಟ್ ಕೆಟ್ಟ ದಿನ ಮೆಟ್ಟಿಲ ಮಧ್ಯೆ ಕೂತುಬಿಡ್ತಿದ್ದಳು. ಅಪ್ಪನ ವಿಷಯದಲ್ಲಿ ಪಾಠ ಕಲಿತಿದ್ದೆ ಅಲ್ವಾ, ತಕ್ಷಣ ಆಕ್ಸಿಮೀಟರ್ ಹಾಕಿದೆ. 98. "ನೋಡು, ಆಕ್ಸಿಜನ್ ಫುಲ್ ಇದೆ. ನೀನು ವಾಕಿಂಗ್ ಮಾಡಲ್ಲ, ಅದಕ್ಕೇ ಸುಸ್ತು" ಅಂದೆ. ಅವಳು ಸುಮ್ಮನಾದಳು. ಆಮೇಲೆ ಸುಸ್ತು ಅಂತ ಹೇಳೋದನ್ನೇ ಬಿಟ್ಟಳು.

ಎರಡು ತಿಂಗಳ ನಂತರ ಊರಲ್ಲಿ ತಲೆಸುತ್ತಿ ಬಿದ್ದಾಗ ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ 6.8. ಹೆಣ್ಣುಮಕ್ಕಳಿಗೆ 12ಕ್ಕಿಂತ ಹೆಚ್ಚಿರಬೇಕು. ಮಂಡಿನೋವಿಗೆ ಅಂತ ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿ ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಅಲ್ಲಿಂದ ದಿನಾ ಸ್ವಲ್ಪ ಸ್ವಲ್ಪ ರಕ್ತ ಹೋಗ್ತಾ ಇತ್ತು.

ಹಾಗಾದ್ರೆ 98 ಸುಳ್ಳಾ? ಅಲ್ಲ. ಸೀಟು 98 ಶೇಕಡಾ ತುಂಬಿತ್ತು, ಆದ್ರೆ ಆಟೋಗಳೇ ಅರ್ಧ ಇದ್ದವು. ಲೆಕ್ಕ ಹಾಕಿ ನೋಡಿ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿ.ಲೀ. ಆಕ್ಸಿಜನ್ ಹೊರುತ್ತೆ. ಹಿಮೋಗ್ಲೋಬಿನ್ 15 ಇದ್ರೆ 100 ಮಿ.ಲೀ. ರಕ್ತಕ್ಕೆ ಸುಮಾರು 20 ಮಿ.ಲೀ. ಹೃದಯ ನಿಮಿಷಕ್ಕೆ 5 ಲೀಟರ್ ಪಂಪ್ ಮಾಡಿದ್ರೆ 1,000 ಮಿ.ಲೀ. ಆಕ್ಸಿಜನ್ ಹೊರಟ ಹಾಗಾಯ್ತು. ಹಿಮೋಗ್ಲೋಬಿನ್ 6.8 ಅಂದ್ರೆ ಅದೇ ಲೆಕ್ಕಕ್ಕೆ 450 ಮಿ.ಲೀ. ಕೂತಿದ್ದಾಗ ಬೇಕಾದ 250ಕ್ಕೆ ಸಾಕಾಗುತ್ತೆ. ಮೆಟ್ಟಿಲು ಹತ್ತೋಕೆ ಸಾಲೋದಿಲ್ಲ. ಎದೆ ಡವಡವ ಅನ್ನೋದು ಹೃದಯ ಹೆಚ್ಚು ಟ್ರಿಪ್ ಹೊಡೆದು ಆ ಕೊರತೆ ತುಂಬೋಕೆ ನೋಡ್ತಾ ಇರೋದು.

ಅಮ್ಮನ ಸುಸ್ತು ಸೋಮಾರಿತನ ಅಲ್ಲ, ಆಕ್ಸಿಜನ್ ಕೊರತೆ. ಕೈಯಲ್ಲಿ ಮೀಟರ್ ಹಿಡಿದು ನಾನೇ ಅದನ್ನು ತಳ್ಳಿಹಾಕಿದ್ದೆ.

ನಾಲ್ಕು ಕಡೆ ಕಡಿಯಬಹುದು

ಬ್ರಿಟಿಷ್ ಶರೀರವಿಜ್ಞಾನಿ ಜೋಸೆಫ್ ಬಾರ್ಕ್ರಾಫ್ಟ್ 1920ರಲ್ಲಿ ಆಕ್ಸಿಜನ್ ಕೊರತೆಯನ್ನು ಮೂರು ಬಗೆಯಾಗಿ ವಿಂಗಡಿಸಿದರು. ಆಮೇಲೆ ನಾಲ್ಕನೆಯದು ಸೇರಿತು. ಇವತ್ತಿಗೂ ಅದೇ ವಿಂಗಡಣೆ ನಡೆಯುತ್ತೆ.

ಒಂದು, ಶ್ವಾಸಕೋಶದಿಂದ ರಕ್ತಕ್ಕೆ ಆಕ್ಸಿಜನ್ ಬರೋದೇ ಕಡಿಮೆ. ಅಪ್ಪನದು ಇದು. ನ್ಯುಮೋನಿಯಾ, ಎತ್ತರದ ಪ್ರದೇಶ, ಆಸ್ತಮಾದ ತೀವ್ರ ದಾಳಿ. ಆಕ್ಸಿಮೀಟರ್ ಹಿಡಿಯೋದು ಮುಖ್ಯವಾಗಿ ಇದನ್ನೇ.

ನಾವು ಲಾಂಗ್ ವೀಕೆಂಡ್‌ಗೆ ಲೇಹ್‌ಗೆ ಹಾರ್ತೀವಲ್ಲ, ಅಲ್ಲಿ ಆಗೋದೂ ಇದೇ. ಲೇಹ್ ಸುಮಾರು 3,500 ಮೀಟರ್ ಎತ್ತರ. ಅಲ್ಲಿ ಗಾಳಿಯಲ್ಲಿ ಆಕ್ಸಿಜನ್ ಶೇಕಡಾವಾರು ಕಡಿಮೆ ಅಂತ ತುಂಬ ಜನ ಹೇಳ್ತಾರೆ. ಅಲ್ಲ, ಅಲ್ಲೂ 21 ಶೇಕಡಾನೇ. ಒಟ್ಟು ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟು ಮಾತ್ರ. ಉಸಿರಿನ ಜೊತೆ ಒಳಗೆ ಹೋಗೋ ಆಕ್ಸಿಜನ್ ಒತ್ತಡ 150ರ ಬದಲು 93ರ ಆಸುಪಾಸು. ಟ್ಯಾಂಕೇ ಕೆಳಗೆ ಇಳಿದಿದೆ, ನಲ್ಲಿ ಸಣ್ಣಗೆ ಬರುತ್ತೆ. ದೇಹ ಹೊಂದಿಕೊಳ್ಳೋಕೆ ದಿನಗಳು ಬೇಕು. ಬಯಲಿನಿಂದ ಹಿಮಾಲಯದ ಎತ್ತರಕ್ಕೆ ಹೋದ 1,925 ಭಾರತೀಯ ಸೈನಿಕರಲ್ಲಿ ಕಂಡ ಪರ್ವತ ಕಾಯಿಲೆ ಬಗ್ಗೆ ನಮ್ಮ ಸೇನೆಯ ವೈದ್ಯ ಇಂದರ್ ಸಿಂಗ್ ಮತ್ತು ಸಹೋದ್ಯೋಗಿಗಳು 1969ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಜಗತ್ತಿನ ವೈದ್ಯರು ಈಗಲೂ ಉಲ್ಲೇಖಿಸ್ತಾರೆ. ತರಬೇತಿ ಪಡೆದ ಸೈನಿಕರನ್ನೇ ಬಿಡದ ಕಾಯಿಲೆ, ವಾರವಿಡೀ ಕುರ್ಚಿಯಲ್ಲಿ ಕೂರೋ ನಮ್ಮನ್ನು ಬಿಡುತ್ತಾ? ವಿಮಾನದಲ್ಲಿ ಇಳಿದ ಮೊದಲ ಎರಡು ದಿನ ಲೇಹ್‌ನಲ್ಲೇ ಸುಮ್ಮನಿರಿ. ತಲೆನೋವು, ವಾಕರಿಕೆ ಇದ್ರೆ ಇನ್ನೂ ಮೇಲಕ್ಕೆ ಹೋಗಬೇಡಿ. ನಡೆಯುವಾಗ ತೂರಾಡಿದ್ರೆ, ಮಾತು ತಡವರಿಸಿದ್ರೆ, ಕೂತಲ್ಲೇ ಏದುಸಿರು ಬಂದ್ರೆ ಕೂಡಲೇ ಕೆಳಗೆ ಇಳಿಸಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಟೂರ್ ಪ್ಯಾಕೇಜ್ ದುಡ್ಡು ಹೋದ್ರೆ ಹೋಗಲಿ.

ಎರಡು, ಹೊರೋ ಸಾಮರ್ಥ್ಯವೇ ಕಡಿಮೆ. ಅಮ್ಮನ ರಕ್ತಹೀನತೆ ಇಲ್ಲಿ ಬರುತ್ತೆ. ಬಾಡಿಗೆ ಮನೆಯಲ್ಲಿರೋ ನಾವು ತಿಳಿದಿರಲೇಬೇಕಾದ ಇನ್ನೊಂದೂ ಇಲ್ಲೇ ಬರುತ್ತೆ, ಕಾರ್ಬನ್ ಮೊನಾಕ್ಸೈಡ್. ಬಾತ್‌ರೂಮ್ ಒಳಗೇ ಗ್ಯಾಸ್ ಗೀಸರ್, ಚಳಿ ಅಂತ ಕಿಟಕಿ ಬಂದ್. ಇಲ್ಲವೇ ದೆಹಲಿ ಚಳಿಗೆ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಂಗೀಠಿ. ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹಿಮೋಗ್ಲೋಬಿನ್ನಿಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತೆ. ಆಟೋ ಸೀಟಿನಲ್ಲಿ ಬೇರೆ ಯಾರೋ ಕೂತುಬಿಟ್ಟ ಹಾಗೆ. ಸಾಮಾನ್ಯ ಆಕ್ಸಿಮೀಟರಿಗೆ ಇಬ್ಬರ ವ್ಯತ್ಯಾಸ ಗೊತ್ತಾಗೋದಿಲ್ಲ, ಸೀಟು ತುಂಬಿದೆ ಅಂತ 98 ತೋರಿಸಿಬಿಡಬಹುದು. ಹೊರಗೆ ಹೋಗೋ ಕಾರ್ಬನ್ ಡೈಆಕ್ಸೈಡ್‌ಗೆ ಅಡ್ಡಿ ಇಲ್ಲ, ಹಾಗಾಗಿ ಉಸಿರುಗಟ್ಟೋ ಅಲಾರಂ ಕೂಡ ಇಲ್ಲ. ತಲೆನೋವು, ತಲೆಸುತ್ತು, ಆಮೇಲೆ ಕುಸಿತ. ಗ್ಯಾಸ್ ಗೀಸರ್ ಬಾತ್‌ರೂಮ್ ಹೊರಗೇ ಇರಬೇಕು. ಮನೆ ಮಾಲೀಕರು ಒಪ್ಪದಿದ್ರೆ ಬಾಗಿಲು ತೆಗೆದೇ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಗಾಳಿ ಆಡಿದ ಮೇಲೆ ಸ್ನಾನಕ್ಕೆ ಹೋಗಿ.

ಮೂರು, ಪಂಪ್ ಅಥವಾ ಪೈಪಿನ ತೊಂದರೆ. ಹೃದಯದ ವೈಫಲ್ಯ, ಆಘಾತ, ರಕ್ತನಾಳದಲ್ಲಿ ಹೆಪ್ಪು. ಹೃದಯಾಘಾತ, ಪಾರ್ಶ್ವವಾಯು ಅಂದ್ರೂ ಒಂದು ಜಾಗಕ್ಕೆ ಆಕ್ಸಿಜನ್ ತಲುಪದೇ ಇರೋದೇ. ಇಲ್ಲೂ ಬೆರಳಲ್ಲಿ 98 ಇರಬಹುದು. ಎದೆನೋವು ಬಂದವರಿಗೆ ಆಕ್ಸಿಮೀಟರ್ ಹಾಕಿ "ನಾರ್ಮಲ್ ಇದೆ" ಅಂತ ಮಲಗಿಸೋದು ಅಪಾಯ.

ನಾಲ್ಕು, ಎಲ್ಲ ಸರಿ ಇದ್ರೂ ಜೀವಕೋಶಕ್ಕೆ ಬಳಸೋಕೆ ಆಗದೇ ಇರೋದು. ಸಯನೈಡ್ ಮಾಡೋದು ಇದನ್ನೇ. ಸೋಫಾದ ಫೋಮು, ಪ್ಲಾಸ್ಟಿಕ್ ಉರಿದ ಹೊಗೆಯಲ್ಲೂ ಸಯನೈಡ್ ಇರುತ್ತೆ. ಕಟ್ಟಡಕ್ಕೆ ಬೆಂಕಿ ಬಿದ್ದಾಗ ಎಷ್ಟೋ ಜನರನ್ನು ಕೊಲ್ಲೋದು ಜ್ವಾಲೆ ಅಲ್ಲ, ಹೊಗೆ.

ನಾಲ್ಕು ಕೊಂಡಿಗಳಲ್ಲಿ ಆಕ್ಸಿಮೀಟರ್ ನೋಡೋದು ಒಂದನ್ನು. ಕೆಟ್ಟ ಸಂಖ್ಯೆ ತೋರಿಸಿದ್ರೆ ನಂಬಿ. ಒಳ್ಳೆ ಸಂಖ್ಯೆ ತೋರಿಸಿದ್ರೆ ಉಳಿದ ಮೂರನ್ನೂ ಕೇಳಿ. ಈ ವಿಡಿಯೋದಲ್ಲಿ ನೆನಪಿಡಬೇಕಾದ್ದು ಇಷ್ಟೇ.

ವಾಟ್ಸಾಪ್ ವೈದ್ಯ

2021ರಲ್ಲಿ ಕರ್ಪೂರ, ಓಮದ ಗಂಟು ಮೂಸಿದ್ರೆ ಆಕ್ಸಿಜನ್ ಏರುತ್ತೆ ಅಂತ ಸಂದೇಶ ಬಂದಿತ್ತು. ನಮ್ಮ ಮನೆಯಲ್ಲೂ ಕಟ್ಟಿದ್ದರು. ಮೂಗು ಬಿಟ್ಟ ಹಾಗೆ ಅನ್ಸುತ್ತೆ, ಆದ್ರೆ ರಕ್ತದ ಆಕ್ಸಿಜನ್ ಏರೋದಿಲ್ಲ. ಹತ್ತು ಸೆಕೆಂಡ್ ಉಸಿರು ಹಿಡಿಯೋಕಾದ್ರೆ ಶ್ವಾಸಕೋಶ ಚೆನ್ನಾಗಿದೆ ಅನ್ನೋದೂ ಅಷ್ಟೇ. ಉಸಿರು ಹಿಡಿಯೋ ಶಕ್ತಿ ಮುಖ್ಯವಾಗಿ ಕಾರ್ಬನ್ ಡೈಆಕ್ಸೈಡಿನ ಆಟ ಅಂತ ಈಗ ನಿಮಗೆ ಗೊತ್ತು.

ಅದೇ ಕಾರಣಕ್ಕೆ ಅಪಾರ್ಟ್‌ಮೆಂಟ್ ಈಜುಕೊಳದಲ್ಲಿ ಹುಡುಗರು ಜೋರಾಗಿ ಹತ್ತಿಪ್ಪತ್ತು ಸಲ ಉಸಿರೆಳೆದು ಮುಳುಗೋ ಪಂದ್ಯ ಆಡ್ತಿದ್ರೆ ತಡೆಯಿರಿ. ಹಾಗೆ ಉಸಿರಾಡಿದ್ರೆ ಆಕ್ಸಿಜನ್ ಹೆಚ್ಚೇನೂ ಸೇರೋದಿಲ್ಲ, ಕಾರ್ಬನ್ ಡೈಆಕ್ಸೈಡ್ ಮಾತ್ರ ಖಾಲಿ ಆಗುತ್ತೆ. ಅಲಾರಂ ಕಿತ್ತು ಮುಳುಗಿದ ಹಾಗೆ. ಮೇಲೆ ಬರಬೇಕು ಅನ್ನಿಸೋ ಮೊದಲೇ ನೀರೊಳಗೆ ಪ್ರಜ್ಞೆ ತಪ್ಪುತ್ತೆ.

ಇನ್ನು "ಎಸಿ ಮೀಟಿಂಗ್ ರೂಮಲ್ಲಿ ಆಕ್ಸಿಜನ್ ಇಲ್ಲ, ಅದಕ್ಕೇ ನಿದ್ದೆ" ಅನ್ನೋದು. ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಡೈಆಕ್ಸೈಡ್ 0.04 ಶೇಕಡಾದಿಂದ 0.2ಕ್ಕೆ ಏರಿದ್ರೂ ಆಕ್ಸಿಜನ್ 20.9ರಿಂದ 20.7ರ ಹತ್ತಿರಕ್ಕೆ ಇಳಿಯುತ್ತೆ, ಅಷ್ಟೇ. ಗಾಳಿ ಜಡವಾಗಿರಬಹುದು, ಕಿಟಕಿ ತೆಗೆಯೋದು ಒಳ್ಳೆಯದೇ. ಆದ್ರೆ ನಿದ್ದೆಗೆ ಕಾರಣ ಆಕ್ಸಿಜನ್ ಅಲ್ಲ. ಪಿಪಿಟಿ ಇರಬಹುದು.

ಫೋನಿನಲ್ಲಿ ಕೇಳಬೇಕಾದದ್ದು

ನಮ್ಮಲ್ಲಿ ಬಹಳ ಜನರ ಅಪ್ಪ ಅಮ್ಮ ಊರಲ್ಲಿ, ನಾವು ಇಲ್ಲಿ. ಕೈಗೆ ಸಿಗೋದು ಫೋನ್ ಮಾತ್ರ. ಅದಕ್ಕೆ ನಾನು ಫ್ರಿಜ್ ಮೇಲೆ ಅಂಟಿಸಿರೋ ಪಟ್ಟಿ ಇದು.

- ಐದು ನಿಮಿಷ ಕೂತ ಮೇಲೆ ಮೀಟರ್ ಹಾಕಿಸಿ. ಬೆರಳು ಬೆಚ್ಚಗಿರಲಿ, ನೇಲ್ ಪಾಲಿಶ್ ಇರಬಾರದು, ಕೈ ಅಲುಗಾಡಬಾರದು. ಸಂಖ್ಯೆ ಒಂದು ಕಡೆ ನಿಲ್ಲೋವರೆಗೆ ಕಾಯಿರಿ. ಗಾಢ ಬಣ್ಣದ ಚರ್ಮದಲ್ಲಿ ಇರೋದಕ್ಕಿಂತ ಸ್ವಲ್ಪ ಹೆಚ್ಚು ತೋರಿಸಬಹುದು ಅಂತ ಅಧ್ಯಯನಗಳು ಹೇಳ್ತವೆ, ಹಾಗಾಗಿ ಗಡಿಯಲ್ಲಿರೋ ಸಂಖ್ಯೆಯನ್ನು ಒಳ್ಳೆಯದು ಅಂತ ಓದಬೇಡಿ.
- ಅನುಮಾನ ಬಂದ್ರೆ ಆರೋಗ್ಯವಾಗಿರೋ ಇನ್ನೊಬ್ಬರ ಬೆರಳಿಗೆ ಹಾಕಿಸಿ. ಅರ್ಧ ನಿಮಿಷದ ಕೆಲಸ.
- ಮತ್ತೆ ಮತ್ತೆ 94ಕ್ಕಿಂತ ಕಡಿಮೆ ಬಂದ್ರೆ ಆವತ್ತೇ ವೈದ್ಯರು. 90 ಅಥವಾ ಕಡಿಮೆ ಅಂದ್ರೆ ತುರ್ತು. ಇದು ನಮ್ಮೂರಿನ ಎತ್ತರಕ್ಕೆ ಹೇಳಿದ ಮಾತು. ಬಹಳ ವರ್ಷದ ಶ್ವಾಸಕೋಶ ಕಾಯಿಲೆ ಇರೋ ಕೆಲವರಿಗೆ ವೈದ್ಯರು 88ರಿಂದ 92ರ ಗುರಿ ಇಟ್ಟಿರ್ತಾರೆ, ಅಂಥವರಿಗೆ ಕೇಳದೆ ಆಕ್ಸಿಜನ್ ಹೆಚ್ಚಿಸಬಾರದು.
- ಉಸಿರು ಎಣಿಸಿ, ಪೂರ್ತಿ ಒಂದು ನಿಮಿಷ, ಅವರಿಗೆ ಹೇಳದೆ. ವಿಡಿಯೋ ಕಾಲ್‌ನಲ್ಲೂ ಆಗುತ್ತೆ. 24 ದಾಟಿದ್ರೆ ಸಂಖ್ಯೆ ಏನೇ ಇರಲಿ, ಕಾಯಬೇಡಿ.
- ತುಟಿ ನೀಲಿ, ಮಾತು ಅಸ್ಪಷ್ಟ, ಇದ್ದಕ್ಕಿದ್ದ ಹಾಗೆ ಗೊಂದಲ, ಎದೆನೋವು ಇದ್ರೆ ಮೀಟರ್ ಹುಡುಕೋಕೆ ಹೋಗಬೇಡಿ, ಆಸ್ಪತ್ರೆಗೆ ಹೊರಡಿಸಿ.
- ಸುಸ್ತು ವಾರಗಟ್ಟಲೆ ಇದ್ರೆ ಹಿಮೋಗ್ಲೋಬಿನ್ ಪರೀಕ್ಷೆ. ಯಾವ ನೋವಿನ ಮಾತ್ರೆ ತಗೊಳ್ತಿದ್ದಾರೆ, ಎಷ್ಟು ದಿನದಿಂದ, ಕಪ್ಪಗೆ ಮಲ ಹೋಗ್ತಿದೆಯಾ ಅಂತ ಕೇಳಿ. ಮುಜುಗರ ಆದ್ರೂ ಕೇಳಿ.

ಅಮ್ಮನಿಗೆ ಚಿಕಿತ್ಸೆ ಆಗಿ ಹಿಮೋಗ್ಲೋಬಿನ್ ಈಗ 12ಕ್ಕೆ ಬಂದಿದೆ. ಕಳೆದ ತಿಂಗಳು ಪುಣೆಗೆ ಬಂದಾಗ ಬೇಕಂತಲೇ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದಳು. ಮೇಲೆ ಬಂದು, "ಈಗ ಹೇಳು, ನಾನು ವಾಕಿಂಗ್ ಮಾಡಲ್ವಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇವತ್ತು ರಾತ್ರಿ ಊರಿಗೆ ಫೋನ್ ಮಾಡಿದಾಗ "ಊಟ ಆಯ್ತಾ" ಜೊತೆಗೆ "ಮೆಟ್ಟಿಲು ಹತ್ತುವಾಗ ಹೇಗಿರುತ್ತೆ?" ಅಂತಾನೂ ಒಂದು ಮಾತು ಕೇಳಿ.